ತಿಮ್ಮಯ್ಯನವರ ಎರಡು ರೀಡು

ಹನ್ನೊಂದು ಮದುವೆಗಳಲ್ಲಿ ತಿಮ್ಮಯ್ಯನವರು ಕ್ಲಾರಿನೆಟ್ಟನ್ನು ತುಟಿಗೆ ಹಿಡಿದು ಮೆರವಣಿಗೆಯ ಮುಂದೆ ನಡೆದಿದ್ದರು. ಹನ್ನೊಂದರಲ್ಲಿಯೂ ಅದರೊಳಗೆ ಒಂದು ಉಸಿರನ್ನೂ ಬಿಟ್ಟಿರಲಿಲ್ಲ. ಕೆನ್ನೆ ಉಬ್ಬುತ್ತಿತ್ತು, ಹುಬ್ಬು ಮೇಲೇರುತ್ತಿತ್ತು, ಬೆರಳುಗಳು ವಾದ್ಯದ ಮೇಲೆ ಓಡಾಡುತ್ತಿದ್ದವು. ಹಾಡು ಮಾತ್ರ ಹಿಂದೆ ಬರುತ್ತಿದ್ದ ಗೂಡ್ಸ್ ಗಾಡಿಯ ಸ್ಪೀಕರಿನದು. ವಿಡಿಯೋದಲ್ಲಿ ಕೆಂಪು ಕೋಟಿನ ಐವರು ಸಾಲಾಗಿ ಕಂಡರೆ ಚೆಂದವೆಂಬ ಒಂದೇ ಕಾರಣಕ್ಕೆ ಆ ಸಾಲಿನಲ್ಲಿ ಅವರ ಜಾಗ ಉಳಿದುಕೊಂಡಿತ್ತು.

ಈ ಸಂಖ್ಯೆಯನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಊಟಕ್ಕೆ ಕರೆದು, ಎಲೆಯ ಮುಂದೆ ಕೂರಿಸಿ, ಬಡಿಸದೆ ಎಬ್ಬಿಸಿದ ಮನೆಗಳು ಮನುಷ್ಯನಿಗೆ ಹೇಗೆ ನೆನಪಿರುತ್ತವೆಯೋ ಹಾಗೆ ಆ ಹನ್ನೊಂದು ಊರುಗಳೂ ಐವತ್ತೆಂಟರ ಆ ಮನುಷ್ಯನಿಗೆ ಕ್ರಮವಾಗಿ ನೆನಪಿದ್ದವು. ಮೊದಲನೆಯದು ಕೆರಗೋಡು, ಕೊನೆಯದು ಬಸರಾಳು.

ತಿಮ್ಮಯ್ಯನವರು ಹುಟ್ಟಿದ್ದು ಮದ್ದೂರಿನ ಹಳೆಯ ರಸ್ತೆಯ ಪಕ್ಕದ ಕೇರಿಯಲ್ಲಿ. ತಂದೆ ವಾಲಗದವರು: ಬೆಳಿಗ್ಗೆ ಕ್ಷೌರದಂಗಡಿ, ಲಗ್ನದ ತಿಂಗಳುಗಳಲ್ಲಿ ನಾಗಸ್ವರ. ಹತ್ತನೆಯ ವಯಸ್ಸಿಗೆ ತಂದೆಯ ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತಿದ ತಿಮ್ಮಯ್ಯನವರು, ಕೆಂಪು ಕೋಟಿನ ಬ್ಯಾಂಡ್ ಸೆಟ್ಟುಗಳು ಹಳ್ಳಿಹಳ್ಳಿಗೂ ಬರತೊಡಗಿದ ಕಾಲದಲ್ಲಿ ಕ್ಲಾರಿನೆಟ್ ಹಿಡಿದರು. ಮೈಸೂರಿನಲ್ಲಿ ಕೊಂಡ ಹಳೆಯ ವಾದ್ಯ ಅದು. ನಡುವಿನ ಬಿರುಕಿಗೆ ಮೇಣ ಸವರಿದ ದಾರ ಸುತ್ತಿದ್ದರು, ದಾರ ಇಂದಿಗೂ ಹಾಗೆಯೇ ಇದೆ. ಮಗ ನಾಗಸ್ವರ ಬಿಟ್ಟನೆಂದು ತಂದೆ ಒಂದು ವರ್ಷ ಸರಿಯಾಗಿ ಮಾತಾಡಿಸಲಿಲ್ಲ. ಮಾತಾಡಿಸಿದ ದಿನ ಎರಡು ಕಟ್ಟಳೆಗಳನ್ನು ವಿಧಿಸಿದರು.

ಮೊದಲನೆಯದು, ಸಾವಿಗೆ ಊದಿದ ರೀಡನ್ನು ಮದುವೆಗೆ ಕಟ್ಟಕೂಡದು. ರೀಡೆಂದರೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಬೆತ್ತದ ತೆಳು ಸೀಳು. ತುಟಿಯ ಒದ್ದೆಗೆ ಮೆತ್ತಗಾಗಿ ಅದು ನಡುಗಿದರೆ ನಾದ, ಇಲ್ಲವಾದರೆ ವಾದ್ಯವೆಂಬುದು ಬರಿಯ ಕೊಳವೆ. ಮದುವೆಯ ರೀಡು ಅರಿಸಿನದ ಬಟ್ಟೆಯಲ್ಲಿ ಸುತ್ತಿಕೊಂಡು ದೇವರ ಗೂಡಿನಲ್ಲಿರುತ್ತಿತ್ತು. ಸಾವಿನದು ತಗಡಿನ ಡಬ್ಬಿಯೊಂದರಲ್ಲಿ, ಹಿತ್ತಲ ಬಚ್ಚಲುಮನೆಯ ಸೂರಿನ ಸಂದಿಯಲ್ಲಿ. ಅದು ಹೊಸಿಲು ದಾಟುವಂತಿರಲಿಲ್ಲ.

ಎರಡನೆಯದು, ಸಾವಿನ ಮನೆಯಲ್ಲಿ ಅಳುವವರ ಮುಖ ನೋಡಬೇಡ, ಗಂಟಲನ್ನು ಕೇಳು. ಈ ಸೀಮೆಯಲ್ಲಿ ಹೆಂಗಸರು ಸತ್ತವರ ಮುಂದೆ ಕೂತು ಮಾತುಮಾತಿನಲ್ಲಿ ಹಾಡಿಕೊಂಡು ಅಳುತ್ತಾರೆ: ಬಾಳಿದ ಬಗೆ, ಆಡಿದ ಜಗಳ, ಕಡೆಯ ದಿನ ಬೇಡವೆಂದ ಊಟ, ಎಲ್ಲವೂ ಅದರಲ್ಲಿ ಬರುತ್ತದೆ. ಅದಕ್ಕೆ ಗೊತ್ತಾದ ರಾಗವಿಲ್ಲ, ಏರಿಳಿತ ಮಾತ್ರ ಇದೆ. ತುಂಬು ವಯಸ್ಸಿನವರ ಸಾವಿಗೆ ಬ್ಯಾಂಡ್ ಕರೆಸಿದಾಗ ಆ ಅಳುವಿನ ಅರ್ಧ ಹೆಜ್ಜೆ ಹಿಂದೆ ನಡೆದು ಅದನ್ನು ಎತ್ತಿ ಹಿಡಿಯುವುದು ಕ್ಲಾರಿನೆಟ್ಟಿನ ಕೆಲಸ. ಮುಖ ನೋಡಿದರೆ ಊದುವವನ ಗಂಟಲೂ ಕಟ್ಟುತ್ತದೆ ಎಂದು ತಂದೆ ಹೇಳಿದ್ದರು. ನಲವತ್ತು ವರ್ಷ ತಿಮ್ಮಯ್ಯನವರು ಎರಡು ಕಟ್ಟಳೆಗಳನ್ನೂ ಮೀರಿರಲಿಲ್ಲ.

ಬ್ಯಾಂಡ್ ಈಗ ನಾಗರಾಜುವಿನ ಕೈಯಲ್ಲಿತ್ತು. ನಾಗರಾಜು ತಿಮ್ಮಯ್ಯನವರ ಅಕ್ಕನ ಮಗ. ತೊಡೆಯ ಮೇಲೆ ಕೂರಿಸಿಕೊಂಡು ಅವರೇ ಊದುವುದನ್ನು ಕಲಿಸಿದ್ದರು. ಅವನಿಗೆ ಡ್ರಮ್ಮು ಒಲಿಯಿತು. ಒಳ್ಳೆಯವನು, ಆತುರಗಾರ, ಕಾಲ ಯಾವ ಕಡೆಗೆ ಹರಿಯುತ್ತದೆಂದು ಮೂಗಿನಲ್ಲಿಯೇ ತಿಳಿಯುವವನು. ಕನ್ನಡ ಸಿನಿಮಾದ ಹಾಡುಗಳನ್ನು ಊದುತ್ತಿದ್ದ ಕಾಲಕ್ಕೆ ತೊಂದರೆಯೇನೂ ಇರಲಿಲ್ಲ. ಒಂದು ಹಾಡನ್ನು ಎರಡು ಸಲ ಕೇಳಿದರೆ ತಿಮ್ಮಯ್ಯನವರ ಬೆರಳಿಗೆ ಬರುತ್ತಿತ್ತು. ಆಮೇಲೆ ವರನ ಗೆಳೆಯರು ಬೇರೆಯದನ್ನು ಕೇಳತೊಡಗಿದರು. ಹಿಂದಿಯ ಹೊಸ ಹಾಸ್ಯಚಿತ್ರಗಳು ತೆರೆಗೆ ಬರುವುದು ಶುಕ್ರವಾರ. ಅಂಥ ಪ್ರತಿಯೊಂದು ಚಿತ್ರದ ಕೊನೆಗೂ, ಹೆಸರುಗಳು ಓಡುವ ಹೊತ್ತಿಗೆ, ಒಂದು ಪಂಜಾಬಿ ರ‍್ಯಾಪ್ ಹಾಡು ಅಂಟಿಕೊಂಡಿರುತ್ತದೆ. ಶುಕ್ರವಾರ ಬಂದದ್ದು ಭಾನುವಾರದ ಮೆರವಣಿಗೆಗೆ ಬೇಕು. ಎರಡು ಭಾನುವಾರ ಕಳೆಯುತ್ತಲೇ ಅದೇ ಹಳಸಲು.

ಆ ಹಾಡುಗಳಲ್ಲಿ ಬೆರಳಿಗೆ ಹಿಡಿಯಲು ಏನೂ ಇರಲಿಲ್ಲ. ಡ್ರಮ್ಮಿನ ಏಟಿತ್ತು, ಏಟಿನ ಮೇಲೆ ಮಾತಿತ್ತು. ನಾಗರಾಜುವಿಗೆ ಏಟು ಸಾಕು. ಟ್ರಂಪೆಟ್ಟಿನವನು ವಾದ್ಯವನ್ನು ಮಾರಿ, ಸೋಮನಹಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗೆ ಸೇರಿದ. ಅವನ ಜಾಗಕ್ಕೆ ಮತ್ತೊಂದು ಡ್ರಮ್ಮು ಬಂತು. ಮಾತು ಬರಲೆಂದು ಸ್ಪೀಕರು ಬಂತು. ತಿಮ್ಮಯ್ಯನವರಿಗೆ ವಾದ್ಯವನ್ನು ತುಟಿಗೆ ಹಿಡಿದುಕೊಳ್ಳಲು ಹೇಳಲಾಯಿತು.

ಹೊಟ್ಟೆಪಾಡಿನ ಮಾತಾಗಿದ್ದರೆ ಅಂಗಡಿಯಿತ್ತು. ಬೆಳಿಗ್ಗೆ ನಾಲ್ಕಾರು ತಲೆ, ಹತ್ತು ಗಡ್ಡ ಸಿಗುತ್ತಿದ್ದವು. ಊದದ ಮೆರವಣಿಗೆ ಮುಗಿಸಿ ಬಂದ ದಿನ ಮಾತ್ರ ಅವರಿಗೆ ಎದೆ ಹಿಡಿದಂತಾಗುತ್ತಿತ್ತು. ಒಳಗೆಳೆದ ಉಸಿರು ಹೊರಗೆ ಹೋಗದೆ ಪಕ್ಕೆಗಳ ನಡುವೆ ಗಂಟುಕಟ್ಟಿ ನಿಂತಂತೆ. ಆಸ್ಪತ್ರೆಯಲ್ಲಿ ನೋಡಿದವರು ಏನೂ ಇಲ್ಲವೆಂದರು. ಹೆಂಡತಿ ಮಲ್ಲಿಗಮ್ಮ ಹರಳೆಣ್ಣೆ ತಿಕ್ಕಿದರು. ಯಾವುದೂ ನಾಟಲಿಲ್ಲ.

ಬಸರಾಳಿನ ಮದುವೆ ಮುಗಿಸಿ ಬಂದ ಮರುದಿನ ನಾಗರಾಜು ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ಕ್ಷೌರ ಬೇಕಿರಲಿಲ್ಲ, ಕನ್ನಡಿಯೊಳಗಿನ ಮಾವನನ್ನು ನೋಡಿ ಮಾತಾಡುವುದು ಅವನಿಗೆ ಸುಲಭವಾಗಿತ್ತು.

“ಮಾವ, ಬೇಜಾರ್ ಮಾಡ್ಕೋಬೇಡ. ಉಗಾದಿ ಕಳೀತಲೂ ಇನ್ನೊಂದು ಸ್ಪೀಕರ್ ತತ್ತೀನಿ. ಗಾಡೀಲಿ ಅದನ್ನ ಇಕ್ಕಾಕೆ ನೀನ್ ಕುಂತ್ಕೊಳೋ ಜಾಗ ಬಿಟ್ರೆ ಬ್ಯಾರೆ ಇಲ್ಲ.”

“ನಾನು?”

“ನೀನೇ ನೋಡು. ಕೈಲಿ ಇಡ್ಕೊಂಡು ನಿಂತ್ಕೊಳಾಕೆ ಒಬ್ಬ ಆಳು ಬೇಕಾ?”

ತಿಮ್ಮಯ್ಯನವರು ಬಾಚಣಿಗೆಯನ್ನು ಒರೆಸಿದರು. “ಊದುದ್ರೆ?”

“ಏನ್ ಊದೀಯೆ? ಊದಾಕೆ ಅದ್ರಲ್ಲಿ ಏನೈತೆ? ಅವ್ನು ಮಾತಾಡ್ತಾನೆ ಕಣ್ ಮಾವ, ಪದ ಏಳಲ್ಲ.”

“ಏನಂತ ಮಾತಾಡ್ತಾನೆ?”

“ಕಾರೈತೆ ಅಂತಾನೆ. ಕೂಲಿಂಗ್ ಗ್ಲಾಸ್ ಐತೆ ಅಂತಾನೆ. ಯಾವನಿಗೂ ಎದ್ರಾಕಿಲ್ಲ ಅಂತಾನೆ.”

“ಅಷ್ಟಕ್ಕೆ ಅಷ್ಟೊಂದ್ ಮಾತಾ?”

ನಾಗರಾಜು ನಕ್ಕ. ನಕ್ಕ ಮೇಲೆ ಅವನ ಮನಸ್ಸು ಸ್ವಲ್ಪ ಸಡಿಲವಾಯಿತು. ಮಳವಳ್ಳಿಯ ಒಂದು ವರಪೂಜೆ ಒಪ್ಪಿಕೊಂಡಿದ್ದೇನೆ, ಬರುವ ಶುಕ್ರವಾರ ಬಿಡುಗಡೆಯಾಗುವ ಚಿತ್ರದ ಹಾಡನ್ನೇ ಅವರು ಕೇಳಿದ್ದಾರೆ ಎಂದ. ಅದನ್ನು ಊದಿ ತೋರಿಸಲಿ, ಕುಣಿಯುವವರು ಇದೇ ಹಾಡೆಂದು ಗುರುತು ಹಿಡಿದರೆ ಮಾವನ ಜಾಗ ಮಾವನದೇ. “ಸ್ಪೀಕರ್ನ ನನ್ ತೊಡೆ ಮ್ಯಾಲೆ ಇಕ್ಕೊಂಡ್ ಬತ್ತೀನಿ ಬುಡು,” ಎಂದು ಎದ್ದು ಹೋದ. ಮಾವನಿಂದ ಅದಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತಿಮ್ಮಯ್ಯನವರಿಗೂ ಗೊತ್ತಿತ್ತು.

ಹಾಡು ಚಿತ್ರಕ್ಕಿಂತ ಎರಡು ದಿನ ಮೊದಲೇ ಫೋನಿಗೆ ಬಂತು. ಫೋನಿನ ಸಣ್ಣ ಬಾಯಲ್ಲಿ ಏಟು ಮತ್ತು ಟಪಟಪ ಮಾತು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂಬುದು ಊದುವವನಿಗೆ ತಿಳಿಯಬೇಕು. ಉಸಿರು ತಿಳಿದರೆ ಮಿಕ್ಕದ್ದು ಹಿಂದೆ ಬರುತ್ತದೆ. ಹಾಗಾಗಿ ಶುಕ್ರವಾರ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ, ತಿಮ್ಮಯ್ಯನವರು ಮಂಡ್ಯದ ಚಿತ್ರಮಂದಿರವೊಂದರ ಬೆಳಗಿನ ಆಟಕ್ಕೆ ಹೋದರು. ಕಾಲೇಜು ತಪ್ಪಿಸಿಕೊಂಡು ಬಂದವರು, ಕಾರ್ಖಾನೆಗಳಲ್ಲಿ ದುಡಿಯಲು ಉತ್ತರದಿಂದ ಬಂದು ನೆಲೆಸಿದವರು, ಅರ್ಧಕ್ಕಿಂತ ಹೆಚ್ಚು ಕುರ್ಚಿ ತುಂಬಿದ್ದವು.

ಚಿತ್ರದಲ್ಲಿ ಒಂದು ಮದುವೆಮನೆ. ಮದುವೆಯ ಹಿಂದಿನ ದಿನ ಮನೆಯ ದೊಡ್ಡಪ್ಪ ಸಾಯುತ್ತಾನೆ. ಸಾವು ಹೊರಗೆ ಬಂದರೆ ಮದುವೆ ನಿಲ್ಲುತ್ತದೆಂದು ಅಣ್ಣತಮ್ಮಂದಿರಿಬ್ಬರು ಹೆಣವನ್ನು ಬೀರುವಿನಲ್ಲಿ ನಿಲ್ಲಿಸುತ್ತಾರೆ. ಬೀರುವಿನ ಬಾಗಿಲು ತೆರೆದಾಗಲೆಲ್ಲ ಹೆಣ ಯಾರಾದರೊಬ್ಬರ ಮೈಮೇಲೆ ಬೀಳುತ್ತದೆ. ಕಪ್ಪು ಕನ್ನಡಕ ಹಾಕಿಸಿ ಅದನ್ನು ಕುಣಿಸುತ್ತಾರೆ ಕೂಡ. ಚಿತ್ರಮಂದಿರ ಬಿದ್ದು ಬಿದ್ದು ನಗುತ್ತಿತ್ತು. ಪಕ್ಕದ ಕುರ್ಚಿಯವನು ನಗುತ್ತ ನಗುತ್ತ ತಿಮ್ಮಯ್ಯನವರ ತೊಡೆಗೇ ಹೊಡೆದು, ಕೈಮುಗಿದು ಕ್ಷಮೆ ಕೇಳಿದ. ಅವರು ಎರಡು ಗಂಟೆ ಹತ್ತು ನಿಮಿಷ, ಬಸ್ಸಿಗೆ ಕಾಯುವವರ ಹಾಗೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಕೊನೆಯ ಹಾಡು ಶುರುವಾಗುತ್ತಿದ್ದಂತೆ ದೀಪ ಹತ್ತಿತು, ಎಲ್ಲರೂ ಎದ್ದರು. ಪಾಪ್‌ಕಾರ್ನಿನ ಚೂರುಗಳ ನಡುವೆ ತಿಮ್ಮಯ್ಯನವರೊಬ್ಬರೇ ನೋಟುಪುಸ್ತಕ ತೆಗೆದು, ಆ ಅರಿಯದ ಭಾಷೆಯ ಅಕ್ಷರಗಳನ್ನು ಕೇಳಿದ ಹಾಗೆ ಕನ್ನಡದಲ್ಲಿ ಇಳಿಸತೊಡಗಿದರು. ಗುಡಿಸಲು ಬಂದ ಪಟ್ಟಲಮ್ಮ ಎಂಬಾಕೆ ಪೊರಕೆಯನ್ನು ನೆಲಕ್ಕೂರಿ ನಿಂತಳು.

“ಎಲ್ರೂ ಎದ್ದೋದ್ಮೇಲೆ ನಿಂದು ಸುರುವಾಯ್ತದಲ್ಲಣ್ಣ. ಸಿನಿಮಾ ಚೆನ್ನಾಗಿಲ್ವಾ?”

“ಚೆನ್ನಾಗೇ ಐತಂತೆ. ಎಲ್ಲಾ ನಗಾಡುದ್ರು.”

“ನೀನು?”

“ನಂಗೆ ಆ ಬಾಸೆ ಬರಾಕಿಲ್ಲ ಕಣಮ್ಮ.”

“ನಂಗೂ ಬರಾಕಿಲ್ಲ. ಆದ್ರೂ ಯಾವ್ ಸಿನಿಮಾ ಬಂದ್ರೂ ದಿನಕ್ಕೆ ನಾಕ್ ಸತಿ ನಗ್ತೀನಿ. ಬೀರುವಿಂದ ಎಣ ಬೀಳಾಕೆ ಬಾಸೆ ಯಾಕ್ ಬೇಕು?” ಎಂದು ಅವರ ಕಾಲ ಕೆಳಗೆ ಗುಡಿಸಿ, ಹಾಡು ಮುಗಿಯುವ ತನಕ ಕೂತಿರಲು ಬಿಟ್ಟಳು.

ಶನಿವಾರ ಮತ್ತೆ ಹೋದರು. ಸೋಮವಾರ ಮತ್ತೆ ಹೋದರು. ಮನೆಗೆ ಬಂದು, ಬರೆದುಕೊಂಡದ್ದನ್ನು ಮುಂದಿಟ್ಟುಕೊಂಡು ಊದಿದರೆ, ಬರುತ್ತಿದ್ದುದು ಒಂದೇ ಸ್ವರದ ಮೇಲೆ ಕುಟ್ಟಿದಂಥ ಸದ್ದು. ಕೇರಿಯ ಮಕ್ಕಳು ಬಾಗಿಲಿಗೆ ಬಂದು ಲಾರಿ ಹಾರನ್ನಿನ ಹಾಗೆ ಕೂಗಿ ಓಡಿದರು. ಮಲ್ಲಿಗಮ್ಮ ಒಲೆಯ ಮುಂದಿನಿಂದ ಎದ್ದುಬಂದು ಬಾಗಿಲು ಹಾಕಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು. ವರಪೂಜೆಗೆ ಆರು ದಿನ ಉಳಿದಿತ್ತು.

ಮಂಗಳವಾರ ನಾಲ್ಕನೆಯ ಸಲ ಹೋದಾಗ ನೋಟುಪುಸ್ತಕ ತೆಗೆಯಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಕಣ್ಣು ಮುಚ್ಚಿ ಕೂತರು. ಹಾಡುವವನು ನಾಲ್ಕು ಸಾಲನ್ನು ಒಂದೇ ಬಿರುಸಿನಲ್ಲಿ ಹೇಳಿ, ನಾಲ್ಕನೆಯದರ ತುದಿಗೆ ದನಿಯನ್ನು ಕೆಳಕ್ಕೆ ಜಾರಬಿಟ್ಟು, ಸಣ್ಣದೊಂದು ಬಿಕ್ಕಿನೊಡನೆ ಉಸಿರೆಳೆದುಕೊಂಡ. ತಿಮ್ಮಯ್ಯನವರು ಕಣ್ಣು ತೆರೆದರು. ಆ ಜಾರುವಿಕೆ ಅವರಿಗೆ ಗೊತ್ತಿತ್ತು. ಆ ಬಿಕ್ಕೂ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಸೋಮನಹಳ್ಳಿಯಲ್ಲಿ, ಎಂಬತ್ತು ದಾಟಿದ ಯಜಮಾನರೊಬ್ಬರ ಸಾವಿಗೆ ಹೋಗಿದ್ದಾಗ, ಅವರ ಹೆಂಡತಿ ಅತ್ತ ಅಳು ಹೀಗೆಯೇ ಇತ್ತು. ಮಾತಿನ ಮೇಲೆ ಮಾತು, ಎಡೆಯಿಲ್ಲದ ಮಾತು, ಕೊನೆಗೆ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಗಿಳಿಯುವ ದನಿ, ಬಿಕ್ಕು, ಮತ್ತೆ ಮಾತು. ಮನೆಯಂಗಳದಿಂದ ಹೊಲದ ತನಕ ಅರ್ಧ ಮೈಲಿ ಆ ಗಂಟಲಿನ ಹಿಂದೆ ಅವರು ನಡೆದಿದ್ದರು. ರಾಗವಿಲ್ಲದ್ದನ್ನು ಊದಲಾಗದೆಂದು ಕೊರಗುತ್ತಿದ್ದ ತಾವು ನಲವತ್ತು ವರ್ಷದಿಂದ ಊದುತ್ತ ಬಂದದ್ದು ರಾಗವಿಲ್ಲದ್ದನ್ನೇ ಅಲ್ಲವೇ ಎಂದು ಆ ಖಾಲಿ ಕುರ್ಚಿಗಳ ನಡುವೆ ಅವರಿಗೆ ಹೊಳೆಯಿತು. ಕಾರು, ಕನ್ನಡಕವೆಂದು ಆ ಪಂಜಾಬಿಯವನು ಏನೇ ಹೇಳಲಿ, ಗಂಟಲು ಹೋಗುವ ದಾರಿ ಅದೇ ಆಗಿತ್ತು.

ಮನೆಗೆ ಬಂದು ಮದುವೆಯ ರೀಡು ಕಟ್ಟಿ ಊದಿದರು. ರೀಡು ಗಡುಸು, ಎರಡು ಮದುವೆಕಾಲದಿಂದ ಸರಿಯಾಗಿ ತುಟಿ ಕಾಣದೆ ಮತ್ತಷ್ಟು ಬಿಗಿದಿತ್ತು. ಸ್ವರದಿಂದ ಸ್ವರಕ್ಕೆ ಹಾರುತ್ತಿತ್ತೇ ಹೊರತು ಜಾರುತ್ತಿರಲಿಲ್ಲ. ಬಿಸಿನೀರಿನಲ್ಲಿ ನೆನೆಸಿದರು, ಚಾಕುವಿನ ಬೆನ್ನಿನಿಂದ ಹೆರೆದರು. ಬಗ್ಗಲಿಲ್ಲ. ಬುಧವಾರ ಮಧ್ಯಾಹ್ನ, ಮಲ್ಲಿಗಮ್ಮ ನೀರಿಗೆ ಹೋಗಿದ್ದ ಹೊತ್ತಿನಲ್ಲಿ, ಹಿತ್ತಲಿಗೆ ಹೋಗಿ ಸೂರಿನ ಸಂದಿಯಿಂದ ತಗಡಿನ ಡಬ್ಬಿಯನ್ನು ಇಳಿಸಿದರು. ಪರೀಕ್ಷೆಗೆ ಮಾತ್ರ ಎಂದು ತಮಗೆ ತಾವೇ ಹೇಳಿಕೊಂಡರು. ಎಷ್ಟೋ ಅಳುವಿನ ಹಿಂದೆ ನಡೆದು ಹಣ್ಣಾಗಿದ್ದ ರೀಡು ಅದು. ತುಟಿ ತಾಗುತ್ತಲೇ ಬಾಗಿತು.

ಬಚ್ಚಲುಮನೆಯ ಪಕ್ಕದ ಕಲ್ಲಿನ ಮೇಲೆ ಕೂತು ಅವರು ಊದುತ್ತಿದ್ದಾಗ ಮಲ್ಲಿಗಮ್ಮ ಕೊಡ ಹೊತ್ತು ಬಂದರು. ನಿಂತು ಕೇಳಿದರು.

“ಯಾರ್ ತೀರೋದ್ರು?” ಎಂದು ಕೇಳಿದರು.

“ಯಾರೂ ಇಲ್ಲ. ಸಿನಿಮಾದ್ದು ಇದು.”

ಮಲ್ಲಿಗಮ್ಮ ಡಬ್ಬಿಯನ್ನು ನೋಡಿದರು, ಗಂಡನ ಮುಖವನ್ನೂ ನೋಡಿದರು. “ಅದರ ಜಾಗ್ದಲ್ಲಿ ಅದನ್ನ ಇಡಿ. ಮನ್ಯೊಳೀಕೆ ತರ್ಬೇಡಿ ಅಷ್ಟೆ,” ಎಂದು ಒಳಗೆ ಹೋದರು.

ಗುರುವಾರ ನಾಗರಾಜುವನ್ನು ಹಿತ್ತಲಿಗೇ ಕರೆಸಿದರು. ಅವನು ಬಕೆಟ್ಟು ಬೋರಲು ಹಾಕಿಕೊಂಡು ಏಟು ಕೊಟ್ಟ, ಮಾವ ಊದಿದರು. ಹಾಡಿನ ಬಿರುಸು ಏಟಿನೊಡನೆ ಓಡಿ, ನಾಲ್ಕನೆಯ ಸಾಲಿನ ತುದಿಗೆ ಜಾರಿ, ಬಿಕ್ಕಿ, ಮತ್ತೆ ಎದ್ದು ಓಡಿತು. ಹಾಡುವವನು ಸುಮ್ಮನಾಗಿ ಡ್ರಮ್ಮೊಂದೇ ಉಳಿಯುವ ಕಡೆ ಖಾಲಿ ಬಿಡಲು ಮನಸ್ಸಾಗದೆ, ತಿಮ್ಮಯ್ಯನವರು ಸೋಮನಹಳ್ಳಿಯ ಆ ನೀಳ ಇಳಿತವನ್ನೇ ತುಂಬಿದ್ದರು. ನಾಗರಾಜುವಿನ ಕೈ ನಿಂತುಹೋಯಿತು.

“ಆ ಪಂಜಾಬಿಯೋನೇ ಬಂದು ನಿಂತಂಗಾಯ್ತಲ್ಲ ಮಾವ. ಎಲ್ ಇಟ್ಟಿದ್ದೆ ಇದನ್ನ?”

ಯಾವ ರೀಡೆಂದು ಅವನು ಕೇಳಲಿಲ್ಲ. ಕೇಳುತ್ತಾನೆಂದು ತಿಮ್ಮಯ್ಯನವರು ಕಾದರು. ಕೇಳಿದ್ದರೆ ಹೇಳಿಬಿಡುತ್ತಿದ್ದರೆಂದೇ ಅವರು ಇಂದಿಗೂ ನಂಬಿದ್ದಾರೆ.

ಭಾನುವಾರ ಮಧ್ಯಾಹ್ನ ಮಲ್ಲಿಗಮ್ಮ ಕೆಂಪು ಕೋಟಿಗೆ ಇಸ್ತ್ರಿ ಮಾಡಿ, ದೇವರ ಗೂಡಿನಿಂದ ಅರಿಸಿನದ ಬಟ್ಟೆಯ ಗಂಟನ್ನು ತೆಗೆದು ತಮ್ಮ ಕೈಯಾರೆ ಕೋಟಿನ ಎಡಜೇಬಿಗೆ ಹಾಕಿದರು. ತಿಮ್ಮಯ್ಯನವರು ಬೇಡವೆನ್ನಲಿಲ್ಲ. ಮುಖ ತೊಳೆಯಲೆಂದು ಹಿತ್ತಲಿಗೆ ಹೋದವರು ಡಬ್ಬಿ ತೆರೆದು, ಒಳಗಿನದನ್ನು ಅಲ್ಲಿಯೇ ವಾದ್ಯದ ಬಾಯಿಗೆ ಕಟ್ಟಿ, ಅದರ ಮೇಲೆ ಬಾಯಿಮುಚ್ಚಳ ಹಾಕಿದರು. ನಲವತ್ತು ವರ್ಷ ಕಟ್ಟಿದ ಕೈ ತನ್ನಷ್ಟಕ್ಕೆ ತಾನು ಕಟ್ಟಿತು. ಮದುವೆಮನೆಯ ಕೆಡುಕನ್ನು ಬಯಸಿದವರಲ್ಲ ಅವರು. ಇನ್ನೊಮ್ಮೆ ಊದದೆ ಆ ಬೀದಿಯಲ್ಲಿ ನಡೆಯಲು ತಮ್ಮಿಂದ ಆಗದೆಂಬುದೊಂದೇ ಆಗ ಅವರ ತಲೆಯಲ್ಲಿದ್ದ ವಿಚಾರ.

ಮಳವಳ್ಳಿಯಲ್ಲಿ ಸಂಜೆ ಐದಕ್ಕೆ ಮೆರವಣಿಗೆ ಹೊರಟಿತು. ದೇವಸ್ಥಾನದಿಂದ ಚೌಲ್ಟ್ರಿಯ ತನಕ ಮುಕ್ಕಾಲು ಮೈಲಿ. ಹೂ ಕಟ್ಟಿದ ಕಾರಿನಲ್ಲಿ ವರ, ಮುಂದೆ ಅವನ ಗೆಳೆಯರು, ಅವರಿಗಿಂತ ಮುಂದೆ ಕೆಂಪು ಕೋಟಿನ ಐವರು, ಐವರ ಬೆನ್ನಿಗೇ ಸ್ಪೀಕರಿನ ಗಾಡಿ. ನಾಗರಾಜು ಏಟು ಕೊಟ್ಟು ಸ್ಪೀಕರನ್ನು ಆರಿಸಿದ. ತಿಮ್ಮಯ್ಯನವರು ಉಸಿರೆಳೆದುಕೊಂಡರು.

ಮೊದಲ ಸಾಲಿಗೆ ಯಾರಿಗೂ ತಿಳಿಯಲಿಲ್ಲ. ಎರಡನೆಯದಕ್ಕೆ ಒಬ್ಬ ತಲೆಯೆತ್ತಿದ. ನಾಲ್ಕನೆಯ ಸಾಲು ಜಾರಿ ಬಿಕ್ಕುತ್ತಲೇ ಇಡೀ ಗುಂಪು ಹೋ ಎಂದಿತು. ಪಂಜಾಬಿಯ ಮಾತುಗಳನ್ನು ಗೆಳೆಯರೇ ಬಾಯಲ್ಲಿ ಕೂಗಿದರು; ಕ್ಲಾರಿನೆಟ್ಟು ಅವರ ಮೇಲೇರಿ ಓಡಿತು. ಒಬ್ಬ ಬಂದು ತಿಮ್ಮಯ್ಯನವರ ಮುಖದ ಮುಂದೆಯೇ ಫೋನು ಹಿಡಿದ. ವರನೂ ಕಾರಿನಿಂದಿಳಿದು ಕುಣಿದ. ಡ್ರಮ್ಮಿನ ಮೇಲಿನಿಂದ ನಾಗರಾಜು ಮಾವನ ಕಡೆ ನೋಡಿದ ನೋಟದಲ್ಲಿ, ಇಪ್ಪತ್ತು ವರ್ಷದ ಹಿಂದೆ ತೊಡೆಯ ಮೇಲೆ ಕೂತಿದ್ದ ಹುಡುಗನ ಮುಖವಿತ್ತು. ತಿಮ್ಮಯ್ಯನವರ ಪಕ್ಕೆಗಳ ನಡುವಿನ ಗಂಟು ಬಿಚ್ಚಿತು. ಮೆರವಣಿಗೆ ಅರ್ಧ ದಾರಿ ಕ್ರಮಿಸುವವರೆಗೆ, ಅಂದಾಜು ಹನ್ನೆರಡು ನಿಮಿಷ, ಅವರು ಸುಖವಾಗಿದ್ದರು.

ಬೀದಿಯ ಅಂಚಿನಲ್ಲಿ, ಅಂಗಡಿಗಳ ಜಗಲಿಯನ್ನು ಹಿಡಿದುಕೊಂಡು, ಗುಂಪಿನಿಂದ ಬೇರೆಯಾಗಿ ಒಬ್ಬ ಮುದುಕಿ ನಡೆದು ಬರುತ್ತಿದ್ದರು. ವರನ ತಾಯಿಯ ತಾಯಿ, ಚಿಕ್ಕಬೋರಮ್ಮ. ಗಂಡ ತೀರಿಕೊಂಡು ವರ್ಷ ತುಂಬಿಲ್ಲವೆಂದು ಮೆರವಣಿಗೆಯೊಳಗೆ ಕಾಲಿಡದೆ ದೂರದಿಂದಲೇ ಮೊಮ್ಮಗನನ್ನು ನೋಡುತ್ತಿದ್ದರು. ಡ್ರಮ್ಮೊಂದೇ ಉಳಿಯುವ ಕಡೆ ಬಂದು, ಕ್ಲಾರಿನೆಟ್ಟು ಆ ನೀಳ ಇಳಿತವನ್ನು ಇಳಿದಾಗ ಆಕೆ ನಿಂತರು. ಎರಡನೆಯ ಸಲ ಅದು ಬಂದಾಗ ಜಗಲಿಯನ್ನು ಬಿಟ್ಟು, ಕುಣಿಯುವವರ ನಡುವೆ ದಾರಿ ಮಾಡಿಕೊಂಡು ನೇರ ಬ್ಯಾಂಡಿನ ಮುಂದಕ್ಕೆ ಬಂದರು. ಹರಸಲು ಬಂದಳೆಂದು ಗೆಳೆಯರು ಸಿಳ್ಳೆ ಹಾಕಿದರು.

ತಿಮ್ಮಯ್ಯನವರಿಗೆ ಆ ಮುಖದ ಪರಿಚಯವಿರಲಿಲ್ಲ. ಗಂಟಲು ತೆರೆದದ್ದೇ ತಡ, ತಿಳಿಯಿತು.

“ಸೋಮನಳ್ಳೀಗೆ ಬಂದಿದ್ದೋನು ನೀನೇ ಅಲ್ವೇನಪ್ಪ?”

ಅವರು ಊದುತ್ತಲೇ ಇದ್ದರು. ನಿಲ್ಲಿಸುವುದು ಹೇಗೆಂದು ತುಟಿಗೆ ಮರೆತುಹೋಗಿತ್ತು.

“ಇದು ನಾನು ಅತ್ತುದ್ದು ಕಣಪ್ಪ. ನಮ್ ಯಜಮಾನ್ರ ಮುಂದೆ ಕುಂತ್ಕೊಂಡು ನಾನ್ ಅತ್ತುದ್ದು ಇದು.” ಆಕೆ ದನಿ ಏರಿಸಲಿಲ್ಲ. ಡ್ರಮ್ಮಿನ ಅಬ್ಬರದಲ್ಲಿ ಅದು ಅವರಿಬ್ಬರಿಗಲ್ಲದೆ ಬೇರೆಯವರಿಗೆ ಕೇಳುವಂತಿರಲಿಲ್ಲ. “ನನ್ ಮೊಮ್ಮಗ ಅದಕ್ಕೆ ಕುಣೀತಾವ್ನೆ, ನೋಡು. ಅವ್ನಿಗೇನ್ ಗೊತ್ತು. ನಾನು ಯಾರ್ಗೂ ಏಳಾಕಿಲ್ಲ. ನಿಲ್ಸಪ್ಪ.”

ಕೈಯೆತ್ತಿ ಕ್ಲಾರಿನೆಟ್ಟಿನ ಮೇಲೆ, ದಾರ ಸುತ್ತಿದ ಕಡೆ, ಎರಡು ಬೆರಳಿಟ್ಟರು. ಆಮೇಲೆ ಬಂದ ದಾರಿಯಲ್ಲಿಯೇ ಜಗಲಿಗೆ ಮರಳಿದರು.

ನಾದ ನಿಂತಿತು. ಗೆಳೆಯರು ಕೂಗಿದರು. ನಾಗರಾಜು ಏಟನ್ನು ಬಿಡದೆ ಕಣ್ಣಿನಲ್ಲಿಯೇ ಕೇಳಿದ. ಎರಡು ಏಟು ಕಾದು ಎಡಗೈ ಚಾಚಿ ಸ್ಪೀಕರಿನ ಗುಂಡಿ ಒತ್ತಿದ. ಪಂಜಾಬಿಯವನು ಸ್ವತಃ ಬಂದ. ಕುಣಿತ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು. ತಿಮ್ಮಯ್ಯನವರು ವಾದ್ಯವನ್ನು ತುಟಿಗೆ ಹಿಡಿದು, ಕೆನ್ನೆಯುಬ್ಬಿಸಿ, ಬೆರಳಾಡಿಸುತ್ತ ಚೌಲ್ಟ್ರಿಯ ಬಾಗಿಲ ತನಕ ನಡೆದರು. ಅದು ಹನ್ನೆರಡನೆಯದು.

ವಾಪಸು ಬರುವಾಗ, ಮಳವಳ್ಳಿ ದಾಟಿ ಕಬ್ಬಿನ ಗದ್ದೆಗಳು ಶುರುವಾದ ಮೇಲೆ ನಾಗರಾಜು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದ. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ತಾಳಿಕೊಳ್ಳಬಹುದಿತ್ತು.

“ಎಲ್ಲಾ ಸರಿಯಾಗೇ ಓಯ್ತಿತ್ತಲ್ಲ ಮಾವ. ಅದ್ಯಾಕ್ ನಿಲ್ಸ್‌ಬುಟ್ಟೆ? ಆ ಮುದ್ಕಿ ಏನಂತು?”

ತಿಮ್ಮಯ್ಯನವರ ನಾಲಗೆಯ ತುದಿಯಲ್ಲಿ ನಿಜವಿತ್ತು. ಅದನ್ನು ಹೇಳಿದರೆ, ಜೊತೆಗಿರುವ ಮೂವರು ಡ್ರಮ್ಮಿನವರ ಕಿವಿಗೆ ಬೀಳುತ್ತದೆ. ನಾಳೆ ಮದ್ದೂರಿಗೆ, ನಾಡಿದ್ದು ಮಂಡ್ಯಕ್ಕೆ ಮುಟ್ಟುತ್ತದೆ. ಮದುವೆಯ ಬೀದಿಯಲ್ಲಿ ಸಾವಿನದನ್ನು ಊದಿದ ಬ್ಯಾಂಡನ್ನು ಯಾರೂ ಚಪ್ಪರದ ಹತ್ತಿರಕ್ಕೆ ಸೇರಿಸುವುದಿಲ್ಲ. ಹುಡುಗ ಕಟ್ಟಿದ್ದೆಲ್ಲ ಒಂದು ವಾರದಲ್ಲಿ ಮುಗಿಯುತ್ತದೆ.

“ಒಳ್ಳೇದಾಗ್ಲಿ ಅಂದ್ಲು,” ಎಂದರು.

“ಮತ್ತೆ? ಉಸ್ರು ಸಾಲ್ದೆ ಓಯ್ತಾ?”

ದಾರಿಯನ್ನು ಅವನೇ ತೋರಿಸಿದ್ದ. ನಲವತ್ತು ವರ್ಷದಲ್ಲಿ ಯಾರೂ ಅವರನ್ನು ಕೇಳದಿದ್ದ ಮಾತು ಅದು, ಊದುವವನನ್ನು ಯಾರೂ ಕೇಳಬಾರದ ಮಾತು.

“ಹೂಂ ಕಣ್ಲಾ,” ಎಂದರು ತಿಮ್ಮಯ್ಯನವರು. “ಸಾಲ್ದೆ ಓಯ್ತು.”

ನಾಗರಾಜು ಮುಂದಕ್ಕೆ ತಿರುಗಿದ. ಮದ್ದೂರು ಬಂದಾಗ ತಿಮ್ಮಯ್ಯನವರು ಕೋಟು ಬಿಚ್ಚಿ, ಮಡಿಸಿ, ತಾವು ಕೂತಿದ್ದ ಜಾಗದಲ್ಲಿಯೇ ಇಟ್ಟು ಇಳಿದರು. ಅದನ್ನು ತೊಳೆಸಿ ನಾಳೆ ತರುತ್ತೇನೆ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ನಾಗರಾಜು ನಿಂತಿದ್ದ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಅಂಗೈಯಲ್ಲಿ ಅರಿಸಿನದ ಬಟ್ಟೆಯ ಗಂಟನ್ನು ಬಿಚ್ಚಿ ಹಿಡಿದಿದ್ದ. ಕೋಟಿನ ಜೇಬಿನಲ್ಲಿ ಸಿಕ್ಕಿತ್ತು. ರೀಡಿನ ಮೈಮೇಲೆ ಅರಿಸಿನದ ಪುಡಿ ಹಾಗೆಯೇ ಕೂತಿತ್ತು. ಊದಿದ ರೀಡಿಗೆ ಮರುದಿನದ ತನಕವೂ ತುಟಿಯ ಗುರುತಾಗಿ ಕಪ್ಪಗಿನ ಒದ್ದೆಯ ಗೆರೆ ಇರುತ್ತದೆಂದು ಅವನಿಗೆ ಕಲಿಸಿದವರು ಇವರೇ.

“ಇದು ಒದ್ದೇನೇ ಆಗಿಲ್ವಲ್ಲ ಮಾವ.”

ತಿಮ್ಮಯ್ಯನವರು ನೀರಿನ ಬಟ್ಟಲನ್ನು ತುಂಬಿ ಕನ್ನಡಿಯ ಕೆಳಗಿಟ್ಟರು.

“ಅದು ಬಗ್ತಿರ್ಲಿಲ್ಲ ಕಣ್ಲಾ,” ಎಂದರು.

ಮುದುಕಿ ಹೇಳಿದ್ದೇನೆಂದು ಅವನು ಮತ್ತೆ ಕೇಳಲಿಲ್ಲ. ಬಟ್ಟೆಯನ್ನು ಮೊದಲಿದ್ದಂತೆಯೇ ಗಂಟು ಹಾಕಿ ಕಿಟಕಿಯ ಹಲಗೆಯ ಮೇಲಿಟ್ಟ. “ಅತ್ತೆಗೆ ಏಳ್ಬೇಡ,” ಎಂದು ಹೊರಟುಹೋದ. ಉಗಾದಿಗೆ ಕಾಯದೆ ಬುಧವಾರವೇ ಎರಡನೆಯ ಸ್ಪೀಕರು ಬಂತು.

ಆ ಶುಕ್ರವಾರ ಇನ್ನೊಂದು ಹಿಂದಿ ಹಾಸ್ಯಚಿತ್ರ ಬಿಡುಗಡೆಯಾಯಿತು. ಅದರ ಹಾಡು ರೂಢಿಯಂತೆ ಬ್ಯಾಂಡಿನವರೆಲ್ಲರ ಫೋನಿಗೂ ಬಂತು, ತಿಮ್ಮಯ್ಯನವರದಕ್ಕೂ. ಅವರ ಹೆಸರನ್ನು ತೆಗೆಯಲು ನಾಗರಾಜುವಿಗೆ ನೆನಪಾಗಿರಲಿಲ್ಲವೋ, ಕೈ ಬಂದಿರಲಿಲ್ಲವೋ. ಅಂಗಡಿಯಲ್ಲಿ ಒಬ್ಬ ಗಿರಾಕಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕಾಯುತ್ತಿದ್ದ. ತಿಮ್ಮಯ್ಯನವರು ಫೋನನ್ನು ಕಿವಿಗೆ ಹಿಡಿದು ನಿಂತರು. ಮೂರನೆಯ ಸಾಲಿನ ಕೊನೆಗೆ ಹಾಡುವವನು ಉಸಿರು ತೆಗೆದುಕೊಂಡ. ಅಷ್ಟು ಕೇಳಿದ ಮೇಲೆ ಫೋನನ್ನು ಕಿಟಕಿಯಲ್ಲಿಟ್ಟು, ಬ್ರಷ್ಷನ್ನು ನೀರಿಗೆ ಅದ್ದಿ, ಆ ಮನುಷ್ಯನ ಕೆನ್ನೆಗೆ ನೊರೆ ಹಚ್ಚತೊಡಗಿದರು.